ಬಾರದ ಮಂಚದ ಬಾಡಿಗೆ

ಆ ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ ಆಸ್ಪತ್ರೆಗೆ ಮೇಲಿನ ಮಹಡಿಗಳೇ ಇರಲಿಲ್ಲ. ಬಾಗಿಲು, ಮೆಟ್ಟಿಲು, ಕಾವಲಿನವನ ಕುರ್ಚಿ, ಅದರ ಮೇಲೆ ಬರೀ ಬಿಳುಪು. ಆದರೂ ಬಿಲ್ಲಕ್ಕ ನಿಂತು ತಲೆಯೆತ್ತಿ ನೋಡಿದಳು. ಮೂರನೇ ಮಹಡಿಯ ಒಂದು ಕಿಟಕಿಯನ್ನು ನೋಡದೆ ಅವಳು ಯಾವತ್ತೂ ಒಳಗೆ ಕಾಲಿಡುತ್ತಿರಲಿಲ್ಲ. ಆರು ವರ್ಷದ ಹಿಂದೆ ಅವಳ ಅಮ್ಮ ಕಣ್ಣು ಮುಚ್ಚಿದ್ದು ಆ ಕಿಟಕಿಯ ಪಕ್ಕದಲ್ಲೇ. ಮಗಳು ಆಗ ಕೆಳಗೆ, ಬಿಲ್ಲು ಕಟ್ಟುವ ಸಾಲಿನಲ್ಲಿ ಐದನೆಯವಳಾಗಿ ನಿಂತಿದ್ದಳು.

ಮಾರನೇ ವರ್ಷ ಆ ಸಾಲಿನ ಎದುರು, ಗಾಜಿನ ಒಳಗಡೆ ಕೂರುವ ಕೆಲಸ ಸಿಕ್ಕಿತು, ಜೊತೆಗೆ ಬಿಲ್ಲಕ್ಕ ಎಂಬ ಹೆಸರೂ. ದೇವರು ಕೆಲವರನ್ನು ಎಲ್ಲಿ ಎಡವಿದರೋ ಅಲ್ಲೇ ಕೂರಿಸುತ್ತಾನೆ. ಯಾಕೆಂದು ಕೇಳಿದರೆ ಹೇಳುವುದಿಲ್ಲ.

ಕೆಲಸ ಕಲಿಸಿದವರು ದೊಡ್ಡಮ್ಮ. ಸಂಬಂಧದಲ್ಲಿ ಯಾರಿಗೂ ಅಲ್ಲ, ಇಡೀ ಬಿಲ್ಲಿನ ವಿಭಾಗಕ್ಕೇ ದೊಡ್ಡಮ್ಮ. ಹೊಸಬಳನ್ನು ಪಕ್ಕಕ್ಕೆ ಕೂರಿಸಿಕೊಂಡು ಮೊದಲ ದಿನವೇ ಹೇಳಿದ್ದರು:

"ಕೂಡೋದು ಕಳೆಯೋದು ಮೆಷೀನು ಮಾಡುತ್ತೆ ಕಣೇ. ನೀನು ಓದ್ಬೇಕು. ಡಾಕ್ಟರು ಏನು ಬರೆದ್ರು, ನರ್ಸು ಏನು ಕೊಟ್ರು, ನಾವು ಯಾವುದಕ್ಕೆ ದುಡ್ಡು ಹಾಕಿದ್ವಿ. ಮೂರೂ ಒಂದೇ ಮಾತು ಆಡ್ಬೇಕು. ಒಂದು ಬಾಯಿ ಬಿಡದಿದ್ರೂ ವಿಮೆಯವರು ಕಾಗದ ವಾಪಸ್ ಎಸೀತಾರೆ."

ಬಿಲ್ಲಕ್ಕ ಕೋಳಿ ಕೆದರಿದಂಥ ಅಕ್ಷರ ಓದುವುದನ್ನು ಕಲಿತಳು. ಪ್ರತಿ ಕಾಯಿಲೆಗೂ, ಪ್ರತಿ ಹೊಲಿಗೆಗೂ ಇರುವ ಅಂಕಿಯ ಗುರುತನ್ನು ಕಲಿತಳು. ಕೆಂಡದಂತೆ ಬಂದವರ ಎದುರು ದನಿ ಏರಿಸದೆ, ಬಿಲ್ಲನ್ನು ಸಾಲುಸಾಲಾಗಿ ಬಿಡಿಸಿ ಹೇಳುವುದನ್ನು ಕಲಿಯಲು ಮಾತ್ರ ಎರಡು ವರ್ಷ ಹಿಡಿಯಿತು. ಕಲಿಸದೆ ಬಂದದ್ದು ಒಂದೇ: ನರ್ಸುಗಳು ಬರೆದಿಟ್ಟ ಪುಟಗಳನ್ನು ಬೇಕಾದ್ದಕ್ಕಿಂತ ಹೆಚ್ಚಾಗಿ ಓದುವುದು.

"ಬಿಲ್ಲು ಮಾಡ್ತಿದ್ದೀಯೋ, ಕಾದಂಬರಿ ಓದ್ತಿದ್ದೀಯೋ?" ಎಂದು ದೊಡ್ಡಮ್ಮ ಚುಚ್ಚುವರು. ಬಿಲ್ಲಕ್ಕ ನಕ್ಕು ಪುಟ ತಿರುಗಿಸುವಳು. ಅಮ್ಮನ ಫೈಲಿನ ಪ್ರತಿಯನ್ನು ಅವಳು ಹಿಂದೆಯೇ ಅರ್ಜಿ ಹಾಕಿ ತರಿಸಿಕೊಂಡಿದ್ದಳು. ಕೊನೆಯ ಪುಟದಲ್ಲಿ ನಾಡಿ, ಉಸಿರು, ಸಮಯ. ಅಷ್ಟೇ. ಅಮ್ಮ ಮಗಳನ್ನು ಕೇಳಿದಳೋ, ಕೇಳಲಿಲ್ಲವೋ, ಆ ಸಾಲನ್ನು ಯಾರೂ ಬರೆದಿರಲಿಲ್ಲ. ಅಂದಿನಿಂದ ಬೇರೆಯವರ ಪುಟಗಳಲ್ಲಿ ಆ ಸಾಲನ್ನು ಹುಡುಕುತ್ತ ಬಂದಿದ್ದಳು.

ಆ ಬೆಳಗ್ಗೆ ಮೇಜಿನ ಮೇಲಿದ್ದದ್ದು ಒಬ್ಬ ದರ್ಜಿಯ ಹೆಂಡತಿಯ ಫೈಲು. ಆಕೆ ತೀರಿಕೊಂಡು ತಿಂಗಳಾಗಿತ್ತು. ಗಂಡ ಎಲ್ಲವನ್ನೂ ಕೈಯಿಂದ ಕಟ್ಟಿ, ಆಮೇಲೆ ಬಿಲ್ಲನ್ನು ವಿಮೆಗೆ ಕಳಿಸಿದ್ದರು. ವಿಮೆಯವರು ಒಂದು ಸಾಲಿಗೆ ಕೊಡುವುದಿಲ್ಲ ಎಂದಿದ್ದರು: ಜೊತೆಗಿದ್ದವರ ಮಂಚ, ಹನ್ನೊಂದು ರಾತ್ರಿ. ಅದನ್ನು ಕೇಳಲು ದರ್ಜಿ ಹನ್ನೊಂದು ಗಂಟೆಗೆ ಬರುವವರಿದ್ದರು.

ಬಿಲ್ಲಕ್ಕ ನರ್ಸಿನ ಪುಟ ತೆರೆದಳು. ಮೊದಲ ರಾತ್ರಿ: "ವಾರ್ಡಿನಲ್ಲಿ ಜೊತೆಗಿರುವವರಿಗೆ ಮಂಚವಿಲ್ಲ. ಗಂಡ ಕುರ್ಚಿಯಲ್ಲಿ ಕೂತಿದ್ದಾರೆ." ಎರಡನೇ ರಾತ್ರಿ: "ಗಂಡ ಕುರ್ಚಿಯಲ್ಲೇ." ಹನ್ನೊಂದೂ ರಾತ್ರಿ ಹಾಗೆಯೇ.

ಅವಳಿಗೆ ತಕ್ಷಣ ಹೊಳೆಯಿತು. ಜೊತೆಗಿರುವವರಿಗೆ ಪಾಸು ಕೊಟ್ಟ ಕೂಡಲೇ ಕಂಪ್ಯೂಟರು ಮಂಚದ ಬಾಡಿಗೆಯನ್ನು ತಾನೇ ಸೇರಿಸುತ್ತದೆ. ವಾರ್ಡಿನಲ್ಲಿ ಮಂಚ ಇಲ್ಲದಿದ್ದರೆ ಅದನ್ನು ಕೈಯಾರೆ ತೆಗೆಯಬೇಕು. ಈ ಪಾಸು ಕೊಟ್ಟವಳು ಅವಳೇ. ತೆಗೆದಿರಲಿಲ್ಲ.

ಸಣ್ಣ ತಪ್ಪು, ಯಾರಿಂದಲೂ ಆಗುವಂಥದ್ದು. ಆದರೆ ಕಣ್ಣು ಕೊನೆಯ ದಿನದ ಪುಟಕ್ಕೆ ಜಾರಿತು. "ಹತ್ತೂ ನಲವತ್ತು: ಬಿಲ್ಲಿನ ವಿಭಾಗದ ಕರೆ. ಗಂಡ ಕೆಳಗೆ ಹೋದರು." "ಹತ್ತೂ ಐವತ್ತೆರಡು: ಉಸಿರು ನಿಂತಿತು."

ಬಿಲ್ಲು ಮುಂಗಡವನ್ನು ಮೀರಿದಾಗ ಪರದೆಯಲ್ಲಿ ಹೆಸರು ಕೆಂಪಾಗುತ್ತದೆ, ಆಗ ವಾರ್ಡಿಗೆ ಫೋನು ಮಾಡುವುದು ರೂಢಿ. ಮಾಡಿದ್ದೂ ಅವಳೇ. ಹನ್ನೊಂದು ರಾತ್ರಿಯ ಬಾಡಿಗೆ ಕಳೆದು ಒಂದು ಚೀಟಿಯ ಮೇಲೆ ಮತ್ತೆ ಕೂಡಿದಳು. ಎರಡು ಸಲ ಕೂಡಿದಳು. ಆ ಹೆಸರು ಅವತ್ತು ಕೆಂಪಾಗುತ್ತಲೇ ಇರಲಿಲ್ಲ. ಗಾಜಿನ ಆಚೆಯ ಸಾಲಿನಲ್ಲಿ ತಾನು ಯಾವ ಜಾಗದಲ್ಲಿ ನಿಂತಿದ್ದಳೋ, ಅಲ್ಲಿಗೇ ಇನ್ನೊಬ್ಬರನ್ನು ಕರೆಸಿ ನಿಲ್ಲಿಸಿದ್ದಳು.

ದೊಡ್ಡಮ್ಮ ಚೀಟಿ, ನರ್ಸಿನ ಪುಟ ಎರಡನ್ನೂ ನೋಡಿ ಕನ್ನಡಕ ಇಳಿಸಿದರು. "ಲೆಕ್ಕದ ಹೊಂದಾಣಿಕೆ ಅಂತ ಬರೆದು ದುಡ್ಡು ಕೊಟ್ಟು ಕಳ್ಸು. ಮಿಕ್ಕಿದ್ದು ಬಾಯಿ ಬಿಡ್ಬೇಡ. ಅವ್ರು ಮೇಲಿನವರಿಗೆ ದೂರು ಕೊಟ್ರೆ ನಿನ್ನ ಉಳಿಸೋಕೆ ನನ್ ಕೈಲೂ ಆಗಲ್ಲ."

ದರ್ಜಿ ಹೇಳಿದ ಹೊತ್ತಿಗೆ ಬಂದರು. ಬಿಲ್ಲನ್ನು ಬಟ್ಟೆಯಂತೆ ನಾಲ್ಕು ಮಡಿಕೆ ಮಾಡಿ ಇಟ್ಟುಕೊಂಡಿದ್ದರು.

"ಮಂಚಾನಾ?" ಅಂದರು. "ನಾನು ನೋಡೇ ಇಲ್ಲ ತಾಯಿ. ಇದ್ದದ್ದು ಒಂದು ಕುರ್ಚಿ, ಅದಕ್ಕೂ ಒಂದು ಕಾಲು ಕುಂಟು. ಹನ್ನೊಂದು ರಾತ್ರಿ ಅದನ್ನ ಬೀಳದ ಹಾಗೆ ಹಿಡ್ಕೊಂಡಿದ್ದು ನಾನು. ನ್ಯಾಯವಾಗಿ ನೀವೇ ನಂಗೆ ಕೂಲಿ ಕೊಡ್ಬೇಕು."

ಬಿಲ್ಲಕ್ಕನಿಗೆ ನಗು ಬಂತು. ಚೀಟಿಯನ್ನು ಅವರತ್ತ ತಿರುಗಿಸಿದಳು. "ದುಡ್ಡು ಇವತ್ತೇ ಕೊಡ್ತೀವಿ. ಇನ್ನೊಂದು ಮಾತಿದೆ. ಅವತ್ತು ನಿಮ್ಮನ್ನ ಕೆಳಗೆ ಕರೆದದ್ದು ನಾನು. ಈ ಮಂಚದ ಸಾಲು ತೆಗೆದಿದ್ರೆ ಕರೆಯೋ ಪ್ರಮೇಯಾನೇ ಇರ್ಲಿಲ್ಲ. ನೀವು ಮೇಲೇ ಇರ್ತಿದ್ರಿ."

ಹಿಂದೆ ದೊಡ್ಡಮ್ಮನ ಪೆನ್ನು ನಿಂತಿತು. ದರ್ಜಿ ಮಡಿಕೆ ಬಿಚ್ಚಿದರು, ಮತ್ತೆ ಅದೇ ಗೆರೆಯ ಮೇಲೆ ಮಡಿಸಿದರು.

"ಮಗಳು ಕೇಳ್ತಾಳೆ," ಅಂದರು. "ಅಮ್ಮ ಕೊನೇಲಿ ಏನಂದ್ಲು ಅಂತ. ನಾನು ಆಗ ಅಲ್ಲಿ ಇರ್ಲಿಲ್ಲ ಅನ್ನೋದು ಅವಳಿಗೆ ಗೊತ್ತಿಲ್ಲ. ದಿನಕ್ಕೊಂದು ಮಾತು ಹೊಲಿದು ಕೊಡ್ತೀನಿ. ಯಾವುದೂ ಅವಳ ಅಳತೆಗೆ ಕೂರಲ್ಲ. ದೂರು ಕೊಟ್ಟು ಏನ್ ಮಾಡ್ಲಿ ತಾಯಿ, ಆ ಹನ್ನೆರಡು ನಿಮಿಷ ನಿಮ್ಮ ಹತ್ರ ಇದೆಯಾ?"

ಬಿಲ್ಲಕ್ಕ ಒಂದು ಅರ್ಜಿಯನ್ನು ಗಾಜಿನ ಕಿಂಡಿಯಲ್ಲಿ ತಳ್ಳಿದಳು. "ಇಲ್ಲಿ ಸಹಿ ಮಾಡಿ. ಫೈಲಿನ ಪ್ರತಿ ಕೇಳೋ ಹಕ್ಕು ನಿಮಗಿದೆ."

ದಾಖಲೆ ಕೋಣೆಯಿಂದ ಪ್ರತಿ ಬರಲು ಅರ್ಧ ಗಂಟೆ ಆಯಿತು. ಹತ್ತೂ ನಲವತ್ತಕ್ಕೂ ಹತ್ತೂ ಐವತ್ತೆರಡಕ್ಕೂ ನಡುವೆ ನರ್ಸು ಇನ್ನೊಂದು ಸಾಲು ಬರೆದಿದ್ದಳು, ಗುಂಡಗಿನ ಅಕ್ಷರದಲ್ಲಿ. ಅದಕ್ಕೆ ಅಂಕಿಯ ಗುರುತಿಲ್ಲ. ಅದಕ್ಕೆ ಯಾರೂ ದುಡ್ಡು ಹಾಕುವುದಿಲ್ಲ, ಯಾರೂ ಕೊಡುವುದೂ ಇಲ್ಲ. ಬಿಲ್ಲಕ್ಕ ಅದನ್ನು ಬೆಳಗ್ಗೆಯೇ ಓದಿದ್ದಳು. ಇಷ್ಟು ವರ್ಷ ತನಗಾಗಿ ಹುಡುಕಿದ ಸಾಲು ಬೇರೆ ಮನೆಯವರ ವಿಳಾಸಕ್ಕೆ ಬಂದಿತ್ತು.

"ಗಂಡ ಎಲ್ಲಿ ಎಂದು ಕೇಳಿದರು. ಕೆಳಗಿದ್ದಾರೆ, ಬರುತ್ತಾರೆ ಎಂದೆ. ಓಡಿ ಬರಬೇಡಿ ಅನ್ನಿ, ಈ ಹೊತ್ತಿಗೆ ಮೆಟ್ಟಿಲು ಒರೆಸಿರುತ್ತಾರೆ, ಜಾರುತ್ತೆ ಎಂದರು."

ಬಿಲ್ಲಕ್ಕ ಎದ್ದಳು. ದೊಡ್ಡಮ್ಮ ತಡೆಯಲಿಲ್ಲ, ಕುರ್ಚಿ ಸರಿಸಿ ದಾರಿ ಬಿಟ್ಟರು. ಪಕ್ಕದ ಬಾಗಿಲಿನಿಂದ ಹೊರಗೆ ಬಂದು ಬಿಲ್ಲಕ್ಕ ಸಾಲಿನಲ್ಲಿ ದರ್ಜಿಯ ಬಳಿ ನಿಂತಳು. ದುಡ್ಡಿನ ಲಕೋಟೆಯ ಮೇಲೆ ಆ ಪುಟವನ್ನಿಟ್ಟು, ಎರಡೂ ಕೈಯಿಂದ ಅವರ ಕೈಗೆ ಕೊಟ್ಟಳು.