ಹ್ಯಾಂಬರ್ಗಿಗೆ ಹೋಗುವ ಗೋಧಿ

ಈ ಚಹಾದ ಬಟ್ಟಲು ಎಷ್ಟು ತೆಳ್ಳಗಿದೆಯೆಂದರೆ ಒತ್ತಿದರೆ ಪುಡಿ, ಇಪ್ಪತ್ತು ವರ್ಷ ಮೂಟೆಗೆ ಕೊಕ್ಕೆ ಹಾಕಿದ ಬೆರಳು ನನ್ನದು, ನಾನು ವಿದೇಶಾಂಗ ಮಂತ್ರಿಯಾದೆ, ಬೆರಳಿಗೆ ಮಾತ್ರ ಬಡ್ತಿ ಸಿಗಲಿಲ್ಲ — ಮೇಜಿನಾಚೆ ಫ್ರೆಂಚ್ ಪ್ರತಿನಿಧಿ ಏನೋ ಓದುತ್ತಿದ್ದಾನೆ, ನನ್ನ ಕಾರ್ಯದರ್ಶಿ ಫೇರ್‌ಲೀ ಒಪ್ಪಂದದ ಹಾಳೆಯನ್ನು ಮುಂದೆ ಸರಿಸುತ್ತಾನೆ, ಇನ್ನು ತಮ್ಮ ರುಜು ಸರ್, ಇರಪ್ಪ, ಇರು. ನಮ್ಮ ಬ್ರಿಸ್ಟಲ್ ಗೋದಾಮಿನ ಗೋಧಿ ಹಡಗು ಹತ್ತಿ ಸೋತ ಜರ್ಮನಿಯ ಹ್ಯಾಂಬರ್ಗಿಗೆ ಹೋಗಬೇಕು, ಅಲ್ಲಿ ಮಕ್ಕಳು ಹಸಿದು ಸಾಯುತ್ತಿದ್ದಾರೆ, ಇಲ್ಲಿ ನಮ್ಮವರಿಗೂ ಬ್ರೆಡ್ಡು ರೇಷನ್ನು, ಯುದ್ಧದಲ್ಲಿ ಸಿಕ್ಕ ಬ್ರೆಡ್ಡು ಗೆದ್ದ ಮೇಲೆ ಸಿಗುತ್ತಿಲ್ಲ, ಒಂದು ಮೂಟೆಯನ್ನೂ ಮುಟ್ಟುವುದಿಲ್ಲವೆಂದು ಬಂದರಿನ ಹಮಾಲರು ಕೂತುಬಿಟ್ಟರು, ಅವರು ಹೊರದಿದ್ದರೆ ಈ ರುಜುವಿಗೆ ಏನು ಬೆಲೆ, ಸೈನಿಕರ ಕೈಲಿ ಹೊರಿಸೋಣ ಸರ್, ಎಂದ ಫೇರ್‌ಲೀ, ಪಾಪ, ಓದಿದವನು, ನನ್ನ ಹಮಾಲರ ಸಂಘದ ಮೇಲೆ ಸೈನಿಕರೇ, ನಮ್ಮಲ್ಲಿ ಕೈ ಎತ್ತಿಸಿ ಕೇಳದೆ ಏನೂ ನಡೆಯದಪ್ಪ ಎಂದೆ, ಅವನನ್ನೂ ಕರೆದುಕೊಂಡು ನಿನ್ನೆ ಬ್ರಿಸ್ಟಲ್ ರೈಲು ಹತ್ತಿದೆ.

ಗೋದಾಮಿನ ತುಂಬ ಜನ, ಒದ್ದೆ ಗೋಣಿ, ಹೊಗೆಸೊಪ್ಪು, ಅಯ್ಯೋ ನನ್ನ ಮನೆಯ ವಾಸನೆ ಅದು, ಹಿಂದಿನಿಂದ ಯಾರೋ, ನೋಡ್ರಪ್ಪ, ಹೊಟ್ಟೆ ಮೊದ್ಲು ಬಂತು, ರೂಬೆನ್ ಆಮೇಲೆ ಬಂದ, ನಕ್ಕರು, ನಾನೂ ನಕ್ಕೆ, ಬಂದ ಕಾರಣ ಹೇಳಿದೆ, ನಗು ನಿಂತಿತು. ನಮ್ಮನೆ ಸುಟ್ಟೋರಿಗೆ ನಮ್ ಬ್ರೆಡ್ಡಾ, ತಲೆ ನೆಟ್ಟಗಿದ್ಯೇನೋ ನಿಂಗೆ. ಒಪ್ಪುವವರು ಕೈ ಎತ್ತಿ ಎಂದೆ. ಒಬ್ಬನೂ ಎತ್ತಲಿಲ್ಲ, ನನ್ನ ಕಥೆ ಮುಗಿಯಿತು ಅಂದುಕೊಂಡೆ — ಆಗ ಅಮೋಸನ ಕೈ, ನನ್ನ ಜೊತೆ ಮೂಟೆ ಹೊತ್ತ ಅಮೋಸ್, ಜರ್ಮನರ ಬಾಂಬಿಗೆ ಮಗ ವಿಲ್ಫ್‌ನನ್ನು ಕೊಟ್ಟವನು, ಹಡಗಿನ ಹಗ್ಗಕ್ಕೆ ಎರಡು ಬೆರಳು ಕೊಟ್ಟವನು, ಉಳಿದ ಮೂರು ಬೆರಳು ಗಾಳಿಯಲ್ಲಿ, ಏನ್ರೋ ನೋಡ್ತೀರಾ, ನನ್ ಮಗ ಹಸ್ಕೊಂಡ್ ಸಾಯ್ಲಿಲ್ಲ, ಅದೊಂದೇ ನಂಗೆ ಸಮಾಧಾನ, ಇನ್ಯಾರ್ ಮಗೂಗೂ ಅದು ಬ್ಯಾಡ, ಎತ್ರೋ ಕೈನಾ. ಒಂದು, ಹತ್ತು, ಆಮೇಲೆ ಎಣಿಸಲಾಗಲಿಲ್ಲ, ಕಣ್ಣು ಮಂಜಾಯಿತು, ರೈಲಿಗೆ ಹೊತ್ತಾಯ್ತು ಸರ್, ಫೇರ್‌ಲೀ ತೋಳು ಹಿಡಿದು ಎಳೆದ, ಬಂದುಬಿಟ್ಟೆ.

ರುಜು ಹಾಕುತ್ತೇನೆ, ಇಪ್ಪತ್ತು ದಾಟಿದರೂ ಹೆಸರು ಬರೆಯಲು ಬಾರದೆ ಗೀಟು ಎಳೆಯುತ್ತಿದ್ದವನು ನಾನು, ಗೋದಾಮಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ತಿದ್ದಿಸಿದವನು ಅಮೋಸ್, ಬಾಲ ಉದ್ದ ಮಾಡ್ಬೇಡ್ವೋ, ಅದು ಅಕ್ಷರ ಕಣೋ, ಕತ್ತೆ ಅಲ್ಲ — ನಿನ್ನ ಋಣ ಯಾವ ಜನ್ಮಕ್ಕೆ ತೀರಿಸಲೋ ಅಮೋಸಾ, ಈ ಹೆಸರೂ ನೀನು ಕೊಟ್ಟದ್ದು, ಈ ಗೋಧಿಯೂ ನೀನು ಕೊಟ್ಟದ್ದು, ನನ್ನದೆಂಬುದು ಬರೀ ಈ ಹೊಟ್ಟೆ. ಆಯಿತು, ಶಾಯಿ ಒಣಗುತ್ತಿದೆ, ಚಪ್ಪಾಳೆ, ಎಲ್ಲರೂ ಎದ್ದರು, ನಾನು ಏಕೆ ಏಳುತ್ತಿಲ್ಲ, ಅಯ್ಯೋ, ಕೈ ಇಳಿಸಿ ಎನ್ನಲಿಲ್ಲವಲ್ಲ ನಾನು, ಅಧ್ಯಕ್ಷ ಎಣಿಸಿ ಇಳಿಸಿ ಎನ್ನುವ ತನಕ ನಮ್ಮಲ್ಲಿ ಎತ್ತಿದ ಕೈ ಇಳಿಸುವಂತಿಲ್ಲ, ನಿನ್ನೆಯ ಸಭೆಗೆ ನಾನೇ ಅಧ್ಯಕ್ಷ, ಹೇಳದೆ ಬಂದುಬಿಟ್ಟೆ, ಅಭಿನಂದನೆಗಳು ಸರ್, ಇರಪ್ಪ, ಅಲ್ಲಿ ಆ ಕೈ, ಮೂರು ಬೆರಳು, ಇನ್ನೂ ಮೇಲೆ —