ಚಳಿ ತಿಂದ ಬಳ್ಳಿ

ನಮ್ಮನೆಯವರು, ಹಾಲೇಶ, ಹದಿನೈದು ವರ್ಷ ಲಗೇಜ್ ಆಟೋದಲ್ಲಿ ವೀಳ್ಯದೆಲೆ ಸಾಗಿಸಿದವರು. ಎಲೆ ಅಂದರೆ ಅವರಿಗೆ ಗೊತ್ತಿರುವುದು ಒಂದೇ ಕ್ರಮ. ಸಂಜೆಗೇ ಲೋಡ್ ಮಾಡಬೇಕು, ಚೆನ್ನಾಗಿ ನೀರು ಚಿಮುಕಿಸಬೇಕು, ಒದ್ದೆ ಗೋಣಿತಾಟು ಹೊದಿಸಬೇಕು, ಬೆಳಗಿನ ಜಾವ ಹೊರಡಬೇಕು. ವೀಳ್ಯದೆಲೆಗೆ ಅದು ಸರಿ. ನನ್ನ ಮನಿ ಪ್ಲಾಂಟಿಗೂ ಅದೇ ಉಪಚಾರ ಮಾಡಿದರಲ್ಲ, ಅಲ್ಲಿಂದ ಶುರುವಾಯಿತು ನನ್ನ ಸಂಕಟ.

ಅಮೃತಾಪುರದ ರಸ್ತೆ ಬದಿಯಲ್ಲಿ ನನ್ನದೊಂದು ಚಿಕ್ಕ ನರ್ಸರಿ ಇದೆ. ಸಂಕ್ರಾಂತಿ ಕಳೆದ ವಾರ ಅಮೂಲ್ಯಾ ಎಂಬ ಹುಡುಗಿ ಬಂದಳು. ಅಜ್ಜಂಪುರದವಳು, ಕಡೂರಿನ ಪಂಚಾಕ್ಷರಪ್ಪನವರ ಮನೆಗೆ ಸೊಸೆಯಾಗಿ ಹೋಗಿ ಆರು ತಿಂಗಳಾಗಿತ್ತು. ಹೊಸ ಮನೆಯ ಗೃಹಪ್ರವೇಶಕ್ಕೆ ಜಗಲಿಯ ಉದ್ದಕ್ಕೂ ಇಳಿಬಿಡಲು ಮನಿ ಪ್ಲಾಂಟಿನ ನಲವತ್ತು ತೂಗುಕುಂಡ ಬೇಕೆಂದಳು. ಮನೆಯವರೆಲ್ಲ ಪ್ಲಾಸ್ಟಿಕ್ ಹೂವೇ ಸಾಕು ಅಂದಿದ್ದರಂತೆ. ಹಟ ಮಾಡಿ ಒಪ್ಪಿಸಿ ಬಂದಿದ್ದಳು. ಒಂದೊಂದು ಬಳ್ಳಿಯನ್ನೂ ಎತ್ತಿ ನೋಡಿ ಆರಿಸಿದಳು.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ ಅನ್ನುತ್ತಾರೆ. ಶಿವರಾತ್ರಿ ಇನ್ನೂ ದೂರವಿತ್ತು. ಆ ವಾರ ಬೆಳಗಿನ ಹೊತ್ತು ಮೊಬೈಲಿನಲ್ಲಿ ಹತ್ತು ಡಿಗ್ರಿ ತೋರಿಸುತ್ತಿತ್ತು. ಮನಿ ಪ್ಲಾಂಟು ಬಿಸಿ ನಾಡಿನ ಬಳ್ಳಿ, ಅಷ್ಟು ಚಳಿ ಅದಕ್ಕೆ ಆಗುವುದಿಲ್ಲ. ಅದಕ್ಕೇ ನಾನು ದಿನಾ ಸಂಜೆ ಶೆಡ್ಡಿನ ಪರದೆ ಇಳಿಸಿ ಕಟ್ಟುತ್ತಿದ್ದೆ. ಗೃಹಪ್ರವೇಶದ ಹಿಂದಿನ ಸಂಜೆ ತರೀಕೆರೆಯಿಂದ ಬಂದು ನೋಡಿದರೆ ನಲವತ್ತೂ ಕುಂಡ ಅಂಗಳದ ಆಟೋದಲ್ಲಿ ನೆನೆದು ಕೂತಿದ್ದವು, ಮೇಲೆ ಒದ್ದೆ ಗೋಣಿ. ಇಳಿಸಿ ಅನ್ನಬೇಕಿತ್ತು. ನನಗೆ ಕಾಲು ಸೋತಿತ್ತು. ಒಂದು ರಾತ್ರಿ ತಾನೇ ಅಂದುಕೊಂಡು ಒಳಗೆ ಹೋಗಿ ಮಲಗಿದೆ.

ಬೆಳಿಗ್ಗೆ ಕಡೂರಿಗೆ ಒಯ್ದಾಗ ಎಲೆಗಳೆಲ್ಲ ಹಸಿರಾಗಿಯೇ ಇದ್ದವು. ಬಂದವರೆಲ್ಲ ಹೊಗಳಿದರು. ಆ ಮನೆಯ ನೆಂಟರು, ತರೀಕೆರೆಯಲ್ಲಿ ಕಲ್ಯಾಣಮಂಟಪ ಇಟ್ಟಿರುವ ತೀರ್ಥಪ್ಪನವರಂತೂ ತಮಗೆ ಇನ್ನೂರು ಕುಂಡ ಬೇಕಾಗುತ್ತದೆ ಎಂದು ನನ್ನ ನಂಬರ್ ತೆಗೆದುಕೊಂಡರು. ಕೊನೆಯ ಕುಂಡ ನೇತುಹಾಕುವಾಗ ಎಲೆಯ ಅಡಿಭಾಗ ಕಂಡಿತು. ಎಣ್ಣೆ ಸವರಿದ ಕಾಗದದ ಹಾಗೆ ಅಲ್ಲಲ್ಲಿ ನೀರುಗಟ್ಟಿತ್ತು. ಚಳಿ ತಿಂದ ಎಲೆ ಅವತ್ತೇ ಹೇಳುವುದಿಲ್ಲ, ಎರಡು ದಿನ ಬಿಟ್ಟು ಕಪ್ಪಾಗುತ್ತದೆ. ನಾನು ಬಾಯಿ ಬಿಡಲಿಲ್ಲ. ಅವರು ಕಟ್ಟಿಕೊಟ್ಟ ಹೋಳಿಗೆ ಹಿಡಿದು ಬಂದುಬಿಟ್ಟೆ.

ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ. ನೀರು ಬಿಟ್ಟ ಪಾತಿಗೇ ಮತ್ತೆ ನೀರು ಬಿಟ್ಟೆ. ಫೋನ್ ರಿಂಗಾದರೆ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡೆ. ನಮ್ಮನೆಯವರನ್ನು ಬಾಯಿಗೆ ಬಂದಂತೆ ಬೈದೆ. ಗಿಡ ಒಣಗೋದು ಹೊಸದೇನಲ್ಲ, ನಮ್ಮ ಹೆಸರು ಯಾರು ಎತ್ತುತ್ತಾರೆ ಎಂದರು ಅವರು. ನಮ್ಮ ಹೆಸರು ಎತ್ತುವುದಿಲ್ಲ, ಅದೇ ನನ್ನ ಭಯವಾಗಿತ್ತು. ಗೃಹಪ್ರವೇಶವಾದ ಮೂರೇ ದಿನಕ್ಕೆ ಮನೆ ಮುಂದಿನ ಬಳ್ಳಿಗಳೆಲ್ಲ ಕಪ್ಪಾದರೆ, ತರಿಸಿದವಳ ಕಾಲ್ಗುಣ ಅನ್ನುತ್ತಾರೆ.

ಕಾಲ್ಗುಣದ ಮಾತು ನನಗೆ ಚೆನ್ನಾಗಿ ಗೊತ್ತು. ನಾನು ಮದುವೆಯಾಗಿ ಬಂದ ಒಂಬತ್ತನೇ ದಿನ ಕೊಟ್ಟಿಗೆಯಲ್ಲಿ ಎಮ್ಮೆ ಸತ್ತಿತು. ಹಾವು ಕಚ್ಚಿದ್ದು ಎಂದು ಪಶುವೈದ್ಯರು ಹೇಳಿದರು. ನಮ್ಮತ್ತೆ ಮಾತ್ರ ತಾವು ಸಾಯುವವರೆಗೂ ಆ ಎಮ್ಮೆಯನ್ನು ಸಾಯಲು ಬಿಡಲಿಲ್ಲ. ಹಾಲು ಒಡೆದರೂ ನಾನೇ, ಮಳೆ ತಡವಾದರೂ ನಾನೇ. ಈಗಲೂ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಮೂರನೇ ದಿನ ತಡೆಯಲಾರದೆ ಬಸ್ಸು ಹತ್ತಿದೆ. ಬೀರೂರಿನಲ್ಲಿ ಇಳಿದು ವಾಪಸ್ ಹೋಗಿಬಿಡಲೇ ಅನ್ನಿಸಿತು. ಎದ್ದು ಬಾಗಿಲ ತನಕ ಹೋಗಿ, ಕಂಡಕ್ಟರ್ ಕೈಲಿ ಬೈಸಿಕೊಂಡು ಮತ್ತೆ ಬಂದು ಕೂತೆ.

ಮನೆ ತುಂಬ ಇನ್ನೂ ನೆಂಟರಿದ್ದರು. ಜಗಲಿಯ ಬಳ್ಳಿಗಳು ತೆಳ್ಳಗಾಗಿದ್ದವು, ಆದರೆ ಕಪ್ಪೆಲೆ ಒಂದೂ ಇರಲಿಲ್ಲ. ಎಲೆ ಎಲ್ಲಿ ಹೋದವೋ ತಿಳಿಯಲಿಲ್ಲ. ಅಮೂಲ್ಯಾಳ ಅತ್ತೆ ಮಲ್ಲಿಕಾಂಬ ನನ್ನನ್ನು ಕಂಡವರೇ ತೋಳು ಹಿಡಿದು ಹಿತ್ತಿಲಿಗೆ ಕರೆದುಕೊಂಡು ಹೋದರು. ಅಲ್ಲಿ ಒಂದು ಗೊಬ್ಬರದ ಚೀಲ ಬಿಚ್ಚಿ ತೋರಿಸಿದರು. ಚೀಲದ ತುಂಬ ಕಪ್ಪಾದ ಎಲೆ.

"ನಿನ್ನೆಯಿಂದ ಯಾರೂ ಏಳೋಕ್ ಮುಂಚೆ ನಾನೇ ಕಿತ್ತು ಹಾಕ್ತಿದೀನಿ," ಎಂದರು. "ಮನೆ ತುಂಬ ನೆಂಟ್ರು. ಒಬ್ರ ಬಾಯಿಗ್ ಸಿಕ್ರೆ ಸಾಕು, ನನ್ ಸೊಸೆ ಜನ್ಮವಿಡೀ ಕೇಳ್ಬೇಕಾಗ್ತದೆ. ನಾಳೆನೂ ಕಿತ್ರೆ ಬರೀ ಕಡ್ಡಿ ಉಳೀತದೆ. ಏನಮ್ಮ ಆಯ್ತು ಇದಕ್ಕೆ?"

ನಾನು ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಚೀಲದ ಬಾಯಿ ಕಟ್ಟಿ, "ಇದನ್ನೇ ಒಳಗ್ ಬಂದು ಎಲ್ರ ಮುಂದೆ ಹೇಳ್ತೀಯಾ?" ಎಂದರು.

ಒಳಗೆ ತೀರ್ಥಪ್ಪನವರೂ ಇದ್ದರು. ಇನ್ನೂರು ಕುಂಡ ಕಣ್ಣ ಮುಂದೆ ಬಂತು. ಮಾಡಿದ್ದುಣ್ಣೋ ಮಹಾರಾಯ ಎಂದು ನನಗೇ ಹೇಳಿಕೊಂಡು ಪಡಸಾಲೆಗೆ ಹೋದೆ. ಗಂಡನ ಮೇಲೆ ಹಾಕುವ ಮಾತು ನಾಲಿಗೆಯ ತುದಿಯಲ್ಲಿತ್ತು, ನುಂಗಿದೆ.

"ಬಳ್ಳಿ ಎಲೆಗಳು ಕಪ್ಪಾಗಿವೆ, ಇನ್ನೂ ಆಗ್ತವೆ," ಎಂದೆ. "ತಪ್ಪು ನಂದು. ಇವು ಚಳಿ ತಡೆಯಲ್ಲ ಅಂತ ಗೊತ್ತಿದ್ರೂ ರಾತ್ರಿಯೆಲ್ಲ ಒದ್ದೆ ಗೋಣಿ ಕೆಳಗೆ ಬಯಲಲ್ಲಿ ಬಿಟ್ಟಿದ್ದೆ. ಈ ಮನೆಗೆ ಬರೋಕ್ ಮುಂಚೆನೇ ಸತ್ತಿದ್ವು ಅವು."

ಒಂದು ಮುದುಕಿ, ಅದಕ್ಕೇ ಎಲೆ ಕಮ್ಮಿ ಕಾಣ್ತಿದ್ವು ಅಂದಳು. ಪಂಚಾಕ್ಷರಪ್ಪ, ಹೇಳಿದ್ದು ಒಳ್ಳೇದಾಯ್ತು ಬಿಡಮ್ಮ ಅಂದರು. ತೀರ್ಥಪ್ಪ ಮೊಬೈಲು ನೋಡತೊಡಗಿದರು. ಅವರು ಮತ್ತೆ ಫೋನ್ ಮಾಡುವುದಿಲ್ಲ ಎಂದು ಆಗಲೇ ಗೊತ್ತಾಯಿತು. ಇನ್ನೂರು ಕುಂಡ ಹೋಯಿತಲ್ಲ ಅನ್ನಿಸಿತು, ಸುಳ್ಳೇಕೆ ಹೇಳಲಿ.

ಅಮೂಲ್ಯಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನನ್ನ ಕಡೆ ನೋಡಲೇ ಇಲ್ಲ.

"ನೀವು ಎಲೆ ಕೀಳ್ತಿದ್ದಿದ್ದು ನೋಡ್ದೆ ಅತ್ತೆ," ಎಂದಳು ಮೆಲ್ಲಗೆ. "ನನ್ ಮೇಲಿನ ಸಿಟ್ಟಿಗೆ ಕಿತ್ತು ಎಸೀತಿದೀರಿ ಅನ್ಕೊಂಡೆ."

ಮಲ್ಲಿಕಾಂಬ ಸೊಸೆಯ ಮುಖವನ್ನೇ ನೋಡುತ್ತ ನಿಂತುಬಿಟ್ಟರು. ಎರಡು ದಿನ ಒಂದೇ ಸೂರಿನಡಿ ಇಬ್ಬರೂ ಹೀಗೆ ಬೆಂದಿದ್ದರು, ಬಾಯಿ ಬಿಡದ ನನ್ನಿಂದ.

"ಅತ್ತೆ," ಎಂದಳು ಅಮೂಲ್ಯಾ, "ಏನಾದ್ರೂ ಇದ್ರೆ ತಿನ್ನೋಕ್ ಕೊಡಿ. ನಿನ್ನೆಯಿಂದ ಏನೂ ತಿಂದಿಲ್ಲ ನಾನು."