ಸೂಜಿ ಪೋಣಿಸಿದ ಚಾಳೀಸು

ರಾಚಪ್ಪ ಸೂಜಿಗೆ ದಾರ ಪೋಣಿಸಿ, ಕುಸ್ತಿ ಗೆದ್ದವನ ಹಾಗೆ ಕೈ ಮೇಲೆತ್ತಿ ತೋರಿಸಿದ. "ನೋಡಿದೇನ? ಒಂದ ಸಲಕ್ಕ." ಮೂಡಲಗಿ ಸಂತೆಯಲ್ಲಿ ಚಾಳೀಸು ಮಾರುವ ಯಾಕೂಬನ ಪರೀಕ್ಷೆಯೇ ಅದು, ಸೂಜಿ ಪೋಣಿಸಿದವರಿಗೆ ಕಣ್ಣು ಬಂತು ಅಂತ ಲೆಕ್ಕ. ರಾಚಪ್ಪನ ಮೂಗಿನ ಮೇಲೆ ಬಂಗಾರದ ಬಣ್ಣದ ತೆಳು ಕಡ್ಡಿಯ ಚಾಳೀಸು ಕೂತಿತ್ತು. ಬಾಜೂ ನಿಂತಿದ್ದ ಹೆಂಡತಿ ಕಾಶೆವ್ವನಿಗೆ ಮೈಯೆಲ್ಲ ಉರಿಯಿತು.

ಅಲ್ಲ, ಇವನೇನು ಸಿಂಪಿಗನೇ? ಬೆಳಗಾವಿ ಕ್ಯಾಂಪಿನ ಯಾವನೋ ಸಾಹೇಬ ಊರಿಗೆ ಹೋಗುವಾಗ ಮಾರಿದ ಫಟಫಟಿ, ಅಂದರೆ ಮೋಟಾರ್ ಸೈಕಲ್ಲು, ಮನೆಗೆ ಬಂದು ತಿಂಗಳಾಗಿರಲಿಲ್ಲ, ಆಗಲೇ ಅದನ್ನು ಒಂದು ಎಮ್ಮೆಗೂ ಒಂದು ಬಣವೆಗೂ ಹಾಯಿಸಿದ್ದ. ದೂರದ್ದು ಕಾಣುವುದಿಲ್ಲ ಅಂತ ಒಪ್ಪಿಕೊಳ್ಳಲು ಮಹಾರಾಯನಿಗೆ ಮೀಸೆ ಅಡ್ಡ ಬರುತ್ತಿತ್ತು. ಇವತ್ತು ಕೌಜಲಗಿಯಲ್ಲಿ ಮಗಳು ಪಾರವ್ವನಿಗೆ ಹೆರಿಗೆ ಬ್ಯಾನೆ ಸುರುವಾಗಿದೆ ಅಂತ ಹೇಳಿಕಳಿಸಿದ್ದರು. ಮೊದಲನೆಯ ಕೂಸು ಉಳಿದಿರಲಿಲ್ಲ. ಗಳಿಗೆಯಲ್ಲಿ ಮುಟ್ಟಿಸುತ್ತೇನೆ ಅಂತ ಗಂಡ ಕುಣಿದಾಗ, ಚಾಳೀಸು ಹಾಕಿಕೊಂಡರೆ ಮಾತ್ರ ಹಿಂದೆ ಕೂರುತ್ತೇನೆ ಅಂತ ಅವಳೇ ಹಟ ಹಿಡಿದಿದ್ದಳು.

"ಸಾವಕಾರ್ರ, ಅದು ಹತ್ತರದ್ದು ನೋಡಾಕರಿ," ಅಂತ ಯಾಕೂಬ ಪೆಟ್ಟಿಗೆಯಿಂದ ದಪ್ಪ ಕರೀ ಕಟ್ಟಿನದೊಂದನ್ನು ತೆಗೆದ. "ಫಟಫಟಿ ಹೊಡ್ಯಾಕ ಇದ ಬೇಕು. ಹಿಂದ ದಾರ ಕಟ್ಟಿದ್ರ ಗಾಳಿಗೂ ಬೀಳೂದಿಲ್ಲ."

ರಾಚಪ್ಪ ಹಾಕಿಕೊಂಡ. ಕಾಶೆವ್ವ ಸಂತೆಯ ಆ ತುದಿಗೆ ಹೋಗಿ ಬೆರಳು ತೋರಿಸಿದರೆ ಎಷ್ಟು ಅಂತ ಬರೋಬ್ಬರಿ ಹೇಳಿದ. ಆಮೇಲೆ ಕನ್ನಡಿ ನೋಡಿಕೊಂಡ. ಅಲ್ಲಿಗೆ ಕೆಲಸ ಕೆಟ್ಟಿತು.

"ಥೂ, ಗೂಗಿ ಕಂಡಂಗ ಕಾಣತೈತಿ. ಫಟಫಟಿ ಮ್ಯಾಲ ಹೊಂಟ್ರ ಮಂದಿ ನನ್ನ ಮಾರಿ ನೋಡತಾರ, ಏನ್ ತಿಳದಿ?"

"ಮಂದಿ ನಿಮ್ಮನ್ನ ನೋಡೂದು ಇರ್ಲಿ. ನೀವು ಮಂದೀನ್ನ ನೋಡಬೇಕಲ್ರಿ," ಅಂದಳು ಕಾಶೆವ್ವ.

"ಸೂಜಿ ಕಂಡಾವಂಗ ಎಮ್ಮಿ ಕಾಣೂದಿಲ್ಲೇನ?" ಅಂದವನೇ ಬಂಗಾರದ ಕಡ್ಡಿಯದನ್ನೇ ಮತ್ತೆ ಏರಿಸಿ ಮೀಸೆ ತಿರುವಿದ. ಇಷ್ಟು ವರ್ಷ ಈ ಮೀಸೆಯ ಜೋಡಿ ಸಂಸಾರ ಮಾಡಿದೆನಲ್ಲ ಅಂತ ಕಾಶೆವ್ವನಿಗೆ ಹೇಸಿಗೆಯಾಯಿತು.

"ಹಂಗಾರ ಹಾದಿ ತುಂಬ ಸೂಜಿ ಪೋಣಸ್ಕೋತ ಬರ್ರಿ. ನಾ ಯಾವದರ ಚಕ್ಕಡಿ ಹತ್ತತೇನಿ," ಅಂತ ಕೌಜಲಗಿ ಹಾದಿ ಹಿಡಿದು ಬಿರಬಿರನೆ ನಡೆದಳು.

ಊರು ದಾಟಿ ಅಷ್ಟು ದೂರ ಬರುವುದರೊಳಗೆ ಹಿಂದೆ ಫಟಫಟಿಯ ಸಪ್ಪಳ ಕೇಳಿತು. ಕಾಶೆವ್ವ ಹಿಂದಿರುಗಿ ನೋಡಿದಳು. ಕರೆದರೆ ಏರಿಬಿಡಬೇಕು, ಮಗಳು ಅಲ್ಲಿ ಒದ್ದಾಡುವಾಗ ಇಲ್ಲಿ ಎಂಥಾ ಸಿಟ್ಟು, ಬಿದ್ದರೆ ಬಿದ್ದೇನು ಅಂದುಕೊಂಡು ಹಾದಿಯ ನಡುವೆ ನಿಂತಳು. ಗಂಡ ಹತ್ತಿರ ಬಂದ, ಇನ್ನೂ ಹತ್ತಿರ ಬಂದ. ಚಾಳೀಸು ಬಿಸಿಲಿಗೆ ಥಳಥಳ ಹೊಳೆಯುತ್ತಿತ್ತು. ಅವಳನ್ನು ನೆಟ್ಟಗೆ ನೋಡಿಯೇ ಕೂಗಿದ:

"ಬಾಜೂ ಸರಿಬೇ ಮುದುಕಿ. ಮುಂದ ನನ್ನ ಹೇಣ್ತಿ ನಡಕೋತ ಹೊಂಟಾಳ."

ಕಾಶೆವ್ವ ಸರಿದು ನಿಂತಳು. ಧೂಳು ಇಳಿದ ಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಹಿಂದಿನಿಂದ ಜೋಳದ ಚೀಲ ಹೇರಿದ ಚಕ್ಕಡಿಯೊಂದು ಬರುತ್ತಿತ್ತು. ನಿಲ್ಲಿಸಿ, ಚೀಲಗಳ ಮೇಲೇರಿ, ಗಂಡ ಹೋದ ದಿಕ್ಕಿಗೆ ಬೆನ್ನು ಮಾಡಿ ಕೂತಳು.